ಭಂಗಿ, ಗಾಂಜಾ, ಚರಸು: ಒಂದು ಐತಿಹಾಸಿಕ ವಿವೇಚನೆ

ಆನೆಕೊಂಡದ ಈಶ್ವರ ದೇವಾಲಯದಲ್ಲಾಗಲಿ, ಹರಿಹರದ ಹರಿಹರೇಶ್ವರನ ಸನ್ನಿಧಿಯಲ್ಲಾಗಲಿ ಭಕ್ತನು ಶಿವನಿಗೆ ಏರಿಸುವುದು ಬಿಲ್ವಪತ್ರೆಯನ್ನು. ಆದರೂ ಭಂಗಿಯು ಶಿವನಿಗೆ ಪ್ರಿಯವೆಂಬ ಮಾತು ಜನರ ಬಾಯಲ್ಲಿ ಬಹುಕಾಲದಿಂದ ನಿಂತಿದೆ. ಇಂದಿನ ಉಗ್ರ ಮಾದಕಸಾರಗಳಿಗೂ ಈ ಮಾತನ್ನೇ ಆಸರೆಯಾಗಿ ಹಿಡಿಯುವವರುಂಟು. ಆದಕಾರಣ ಇದರ ಇತಿಹಾಸವನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಒಂದೇ ಗಿಡದಿಂದ ಮೂರು ಪದಾರ್ಥಗಳು ದೊರೆಯುತ್ತವೆ. ಎಲೆಯನ್ನು ಅರೆದು ಪಾನಕ ಮಾಡಿದರೆ ಭಂಗಿ. ಹೆಣ್ಣುಗಿಡದ ಹೂಗೊಂಚಲು ಗಾಂಜಾ. ಬೀಜಕಟ್ಟಿದರೆ ಅದರ ಸತ್ತ್ವ ಕುಗ್ಗುವುದೆಂದು ಬೆಳೆಗಾರರು ಗಂಡುಗಿಡಗಳನ್ನು ಮೊದಲೇ ಕಿತ್ತೆಸೆಯುತ್ತಿದ್ದರು. ಹೂವು ಎಲೆಗಳ ಮೇಲೆ ಒಸರುವ ಅಂಟನ್ನೇ ಬೇರ್ಪಡಿಸಿ ಗಟ್ಟಿಮಾಡಿದ ಸಾರವೇ ಚರಸು. ಹತ್ತೊಂಬತ್ತನೆಯ ಶತಮಾನದಲ್ಲಿ ಚರಸು ಯಾರ್ಕಂದದಿಂದ ಲಡಾಖಿನ ಮಾರ್ಗವಾಗಿ ಪಂಜಾಬಿಗೆ ಬರುತ್ತಿತ್ತು. ದಕ್ಷಿಣದಲ್ಲಿ ಪ್ರಧಾನವಾಗಿ ಬಳಕೆಯಲ್ಲಿದ್ದುವು ಎಲೆ ಮತ್ತು ಹೂವು. ಕನ್ನಡದಲ್ಲಿ ಭಂಗಿಯೆಂಬ ಹೆಸರು ಚಿಲುಮೆಯಲ್ಲಿ ಸೇದುವ ಪದಾರ್ಥಕ್ಕೂ ಸಂದಿರುವುದು ಗಮನಾರ್ಹ.

ಬ್ರಿಟಿಷ್ ಸರಕಾರವು 1893ರಲ್ಲಿ ನೇಮಿಸಿದ ಆಯೋಗವು ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸಿ 1894ರಲ್ಲಿ ವರದಿಯನ್ನೊಪ್ಪಿಸಿತು. ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ಹೆಚ್ಚಿನ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂಬುದು ಅದರ ನಿಲುವು. ಆಗ ಹರಿಹರ ಮೈಸೂರು ಸಂಸ್ಥಾನಕ್ಕೆ, ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ಆಧಿಪತ್ಯಕ್ಕೆ, ನೆರೆಯ ಹರಪನಹಳ್ಳಿ ಮದರಾಸಿಗೆ ಸೇರಿದ್ದುವು. ಒಂದೇ ನಾಡಿನ ಜನ ಮೂರು ಆಡಳಿತಗಳ ಅಬಕಾರಿ ಕಟ್ಟಳೆಗೆ ಒಳಪಟ್ಟಿದ್ದರು.

ಇದೇ ಶತಮಾನದಲ್ಲಿ ಬಾಳಿದ ಶಿಶುನಾಳ ಶರೀಫರು (1819–1889) ಗುಡುಗುಡಿಯನ್ನು ಕುರಿತ ತಮ್ಮ ತತ್ತ್ವಪದದಲ್ಲಿ ಈ ಸೇದುವ ಕ್ರಿಯೆಯನ್ನೇ ರೂಪಕವನ್ನಾಗಿಸಿದರು. ಅಲ್ಲಿ ಕೊಚ್ಚಬೇಕಾದ ಭಂಗಿ ಸೊಪ್ಪಲ್ಲ, ಮೋಹ. ಅದನ್ನು ಸುಡುವ ಕೆಂಡ ಬುದ್ಧಿ. ಆ ಪದವನ್ನು ಮಾದಕದ ಪ್ರಶಂಸೆಯೆಂದು ಅರ್ಥೈಸುವವರು ಚಿಲುಮೆಯನ್ನು ಕಂಡು ಕೆಂಡವನ್ನು ಮರೆಯುತ್ತಾರೆ. ಪದಾರ್ಥವನ್ನು ಬಿಟ್ಟು ಪರಮಾರ್ಥವನ್ನು ಹಿಡಿಯುವುದೇ ಅನುಭಾವಿಗಳ ಮಾರ್ಗ.

ಸ್ವತಂತ್ರ ಭಾರತದ 1985ರ ಮಾದಕದ್ರವ್ಯ ಕಾಯಿದೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಬೇರ್ಪಡಿಸಿದ ಅಂಟು ಯಾವ ರೂಪದಲ್ಲಿದ್ದರೂ ಚರಸು. ಹಶೀಷ್ ಎಣ್ಣೆಯೂ ಅದರಲ್ಲಿ ಅಡಕ. ಹೂವಿನ ತುದಿಯಿಂದ ಬೇರ್ಪಟ್ಟ ಎಲೆ ಗಾಂಜಾದ ವ್ಯಾಖ್ಯೆಗೆ ಒಳಪಡದು. ವಾಣಿಜ್ಯ ಪ್ರಮಾಣದ ಮಿತಿ ಗಾಂಜಾಕ್ಕೆ 20 ಕಿಲೋ, ಚರಸಿಗೆ ಕೇವಲ 1 ಕಿಲೋ. ಸಾರ ಸಾಂದ್ರವಾದಷ್ಟೂ ಕಾನೂನು ಕಠಿಣವಾಗಿದೆ. ಹಳ್ಳಿಯ ಎಲೆಯ ಪಾನಕಕ್ಕೂ ದ್ರಾವಕಗಳಿಂದ ಹಿಂಡಿ ತೆಗೆದ ಇಂದಿನ ಎಣ್ಣೆಗೂ ಗಿಡ ಒಂದೇ ಆದರೂ ಬಲ ಒಂದೇ ಅಲ್ಲ. ಒಂದರ ರೂಢಿ ಮತ್ತೊಂದಕ್ಕೆ ಪ್ರಮಾಣವಾಗಲಾರದು.

ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ - ವೀರಶೈವನಿಗೆ ಆವರಣಗಳು ಈ ಎಂಟೇ. ಅರಿವನ್ನು ಬೆಳಗಿಸಲು ಇವಿಷ್ಟು ಸಾಕೆಂದು ನಂಬಿದ ಶರಣಪಥಕ್ಕೆ ಅರಿವನ್ನು ಮಸುಕಾಗಿಸುವ ಒಂಬತ್ತನೆಯದರ ಅಗತ್ಯವಿಲ್ಲ.