ಬಿ.ಎಂ.ಐ.: ನಮಗೆ ಎಚ್ಚರಿಕೆಯ ಗೆರೆ 25 ಅಲ್ಲ, 23

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ನಮ್ಮ ಹಿರಿಯರ ಮಾತು. ಗುರುಗ್ರಾಮದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ದೋಸೆ, ಬಿಸಿಬೇಳೆಭಾತಿನ ಜೊತೆಗೆ ಆಲೂ ಪರಾಠಾ, ಛೋಲೆ ಭಟೂರೆಗಳೂ ಈಗ ನಿತ್ಯದ ತಿನಿಸುಗಳಾಗಿವೆ. ದುಡಿಮೆ ಮಾತ್ರ ಕುರ್ಚಿಯ ಮೇಲೆ, ಸಂಚಾರ ಕಾರಿನಲ್ಲಿ. ಆರೋಗ್ಯ ತಪಾಸಣೆಯ ವರದಿಯಲ್ಲಿ ಬಿ.ಎಂ.ಐ. 24 ಎಂದು ಕಂಡಾಗ, 25 ದಾಟಿಲ್ಲವಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಭಾರತೀಯರ ಮಟ್ಟಿಗೆ ಈ ಸಮಾಧಾನ ಸರಿಯಲ್ಲ.

ಬಿ.ಎಂ.ಐ. ಎಂದರೇನು?

ಬಾಡಿ ಮಾಸ್ ಇಂಡೆಕ್ಸ್, ಅಂದರೆ ದೇಹ ದ್ರವ್ಯರಾಶಿ ಸೂಚ್ಯಂಕ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬುದನ್ನು ತಿಳಿಸುವ ಸರಳ ಲೆಕ್ಕ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. ಉದಾಹರಣೆಗೆ, 1.65 ಮೀಟರ್ ಎತ್ತರದ, 70 ಕಿಲೋ ತೂಕದ ವ್ಯಕ್ತಿಯ ಬಿ.ಎಂ.ಐ. 25.7.

ಈ ಸೂತ್ರದ ಮೂಲ ಪುರುಷ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟಲೆ. 1830ರ ದಶಕದಲ್ಲಿ ಆತ ಇದನ್ನು ರೂಪಿಸಿದ್ದು ರೋಗ ಪತ್ತೆಗಲ್ಲ, 'ಸರಾಸರಿ ಮನುಷ್ಯ'ನ ಅಧ್ಯಯನಕ್ಕೆ. ಅದಕ್ಕೆ ಇಂದಿನ ಹೆಸರನ್ನು 1972ರಲ್ಲಿ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್.

ಭಾರತೀಯರಿಗೆ ಬೇರೆ ಅಳತೆ ಏಕೆ?

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವಿಂಗಡಣೆಯಲ್ಲಿ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಆದರೆ ಬಿ.ಎಂ.ಐ. ಕೊಬ್ಬನ್ನೂ ಸ್ನಾಯುವನ್ನೂ ಬೇರ್ಪಡಿಸಿ ಹೇಳಲಾರದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಲೆಕ್ಕ ಕೊಟ್ಟು ಇದನ್ನು ತೋರಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ದೇಹದ ಕೊಬ್ಬು ಯಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2!

ಭಾರತೀಯರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಸೇರಿಕೊಳ್ಳುವ ಪ್ರವೃತ್ತಿ ಹೆಚ್ಚು. ಇದರಿಂದ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದಲೇ ಭಾರತದ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಹೀಗಿದೆ:

- 18ರಿಂದ 22.9: ಸಹಜ
- 23ರಿಂದ 24.9: ಅಧಿಕ ತೂಕ
- 25 ಮತ್ತು ಮೇಲೆ: ಬೊಜ್ಜು

2025ರ ಜನವರಿಯಲ್ಲಿ ದೆಹಲಿಯ ಏಮ್ಸ್ ತಜ್ಞರೂ ಸೇರಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯು 23ನ್ನು ದಾಟಿದ್ದನ್ನೇ ಬೊಜ್ಜಿನ ಮೊದಲ ಹಂತವೆಂದು ಪರಿಗಣಿಸಿ, ಅದರಿಂದ ದೇಹಕ್ಕೆ ತೊಂದರೆ ಆರಂಭವಾಗಿದ್ದರೆ ಎರಡನೆಯ ಹಂತವೆನ್ನುತ್ತದೆ.

ನಮ್ಮ ಸುತ್ತಲಿನ ಚಿತ್ರ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಬಿ.ಎಂ.ಐ. 25 ಅಥವಾ ಹೆಚ್ಚಿರುವ ಮಹಿಳೆಯರು ಕರ್ನಾಟಕದಲ್ಲಿ ಶೇ. 30.1, ಹರಿಯಾಣದಲ್ಲಿ ಶೇ. 33.1, ದೆಹಲಿಯಲ್ಲಿ ಶೇ. 41.3. ಪುರುಷರು ಕ್ರಮವಾಗಿ ಶೇ. 30.9, 28.3 ಮತ್ತು 38. ಇಲ್ಲಿ ಗೆರೆ 25 ಎಂಬುದನ್ನು ಗಮನಿಸಬೇಕು. 23ರ ಗೆರೆ ಹಿಡಿದರೆ ಈ ಸಂಖ್ಯೆಗಳು ಇನ್ನೂ ಏರುತ್ತವೆ.

ಅಪಾಯಗಳು

ಸೂಚ್ಯಂಕ ಏರಿದಂತೆ ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು, ಯಕೃತ್ತಿನಲ್ಲಿ ಕೊಬ್ಬು, ಮಂಡಿ ಸವೆತ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ ಹಾಗೂ ಕೆಲವು ಬಗೆಯ ಕ್ಯಾನ್ಸರ್‌ಗಳ ಸಾಧ್ಯತೆ ಹೆಚ್ಚುತ್ತದೆ. ಸೂಚ್ಯಂಕ ತೀರಾ ಕಡಿಮೆಯಿದ್ದರೂ ಒಳಿತಲ್ಲ. ಮೂಳೆಗಳ ದುರ್ಬಲತೆ, ಸೋಂಕು ರೋಗಗಳ ಭಯ ಅಲ್ಲಿಯೂ ಇದೆ.

ಟೇಪು ಹಿಡಿಯಿರಿ

ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ: ಇಂಥವರಿಗೆ ತೂಕದ ಯಂತ್ರ ಸುಳ್ಳು ಭರವಸೆ ಕೊಡುತ್ತದೆ. ನೆಟ್ಟಗೆ ನಿಂತು, ಸಹಜವಾಗಿ ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ ಅಳೆಯಬೇಕು. ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರಿನೊಳಗೆ ಇರಬೇಕು. ಎತ್ತರದ ಅರ್ಧವನ್ನು ಮೀರದಿರಲಿ ಎಂಬುದೂ ಸುಲಭವಾಗಿ ನೆನಪಿಡಬಹುದಾದ ನಿಯಮ.

ಯಾರಿಗೆ ಈ ಲೆಕ್ಕ ಸಲ್ಲದು?

ಗರ್ಭಿಣಿಯರಿಗೆ ಈ ಕೋಷ್ಟಕ ಅನ್ವಯಿಸದು. ಮಕ್ಕಳಿಗೆ ವಯಸ್ಸು, ಲಿಂಗಕ್ಕೆ ತಕ್ಕ ಪ್ರತ್ಯೇಕ ಬೆಳವಣಿಗೆಯ ನಕ್ಷೆಗಳಿವೆ. ವ್ಯಾಯಾಮಪಟುಗಳಲ್ಲಿ ಸ್ನಾಯುಗಳಿಂದಲೇ ಸೂಚ್ಯಂಕ ಏರಬಹುದು. ಸ್ನಾಯು ಕ್ಷೀಣಿಸಿದ ವೃದ್ಧರಲ್ಲಿ ಸಹಜ ಸಂಖ್ಯೆಯ ಹಿಂದೆ ಕೊಬ್ಬು ಅಡಗಿರಬಹುದು.

ಏನು ಮಾಡಬಹುದು?

ಒಮ್ಮೆಲೇ ಆದರ್ಶ ತೂಕ ತಲುಪಬೇಕಾಗಿಲ್ಲ. ಅಧಿಕ ತೂಕವಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ರಕ್ತದ ಸಕ್ಕರೆ, ಒತ್ತಡಗಳು ಸುಧಾರಿಸುತ್ತವೆ. 70 ಕಿಲೋ ತೂಗುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ ಮಾತ್ರ. ತಟ್ಟೆಯಲ್ಲಿ ಅನ್ನ, ಪರಾಠಾ ಕಡಿಮೆಯಾಗಿ ಕೋಸಂಬರಿ, ಪಲ್ಯ, ಬೇಳೆಕಾಳು ಹೆಚ್ಚಲಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಇರಲಿ. 2013ರ ನವೆಂಬರಿನಲ್ಲಿ ರಸ್ತೆಗಳನ್ನು ಕಾರುಗಳಿಂದ ಬಿಡಿಸಿ ನಡೆಯುವವರಿಗೆ ಕೊಟ್ಟ 'ರಾಹ್‌ಗೀರಿ' ಆರಂಭವಾದದ್ದು ನಮ್ಮ ಊರಿನಲ್ಲಿಯೇ. ಚಳಿಗಾಲದಲ್ಲಿ ಹೊಗೆಮಂಜು ಕವಿದ ದಿನಗಳಲ್ಲಿ ಮಾತ್ರ ಹೊರಗಿನ ನಡಿಗೆಯ ಬದಲು ಮನೆಯೊಳಗೆ ಯೋಗ, ಸೂರ್ಯನಮಸ್ಕಾರ ಸೂಕ್ತ.

ಬಿ.ಎಂ.ಐ. ಒಂದು ಸೂಚನೆಯೇ ಹೊರತು ತೀರ್ಪಲ್ಲ. ಅದು 23 ದಾಟಿದ್ದರೆ, ಇಲ್ಲವೇ ಟೇಪು ಎಚ್ಚರಿಸಿದರೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದು ಒಳಿತು. ಮನೆಯ ಹಿರಿಯರಿಗಷ್ಟೇ ಅಲ್ಲ, ಮೂವತ್ತರ ಆಸುಪಾಸಿನ ದುಡಿಯುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.