ಕಿರ್ತಾ ಪಟ್ಟಣದ ದಾಖಲೆ: ಆದಿ ಧರ್ಮಸಭೆಯ ಚರಿತ್ರೆಯ ಒಂದು ಪುಟ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಆದಿ ಧರ್ಮಸಭೆಯ ಚರಿತ್ರೆಯ ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದಾರೆ. ವಿಷಯ ಸಾಗರದಷ್ಟು ದೊಡ್ಡದು. ಸಂಚಿಕೆಯ ಪುಟಗಳೋ ಮಿತವಾದವು. ಆದುದರಿಂದ ವಿದ್ಯಾರ್ಥಿಯಾಗಿದ್ದಾಗ ನಾನು ಓದಿದ ಒಂದೇ ಒಂದು ದಾಖಲೆಯನ್ನು ಇಲ್ಲಿ ಪರಿಚಯಿಸುತ್ತೇನೆ.

ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯೆಂದರೆ ನಮಗೆ ಮೊದಮೊದಲು ಜಗದ್ಗುರುಗಳ ಹೆಸರುಗಳು, ಮಹಾಸಭೆಗಳ ಇಸವಿಗಳು, ಪಾಷಂಡ ಮತಗಳ ಯಾದಿ, ಇಷ್ಟೇ ಆಗಿತ್ತು. ಪರೀಕ್ಷೆಗೆ ಅಷ್ಟು ಸಾಕು. ಕಿರ್ತಾ ಪಟ್ಟಣದ ದಾಖಲೆಯನ್ನು ಓದಿದ ಮೇಲೆಯೇ ಆ ಯಾದಿಗಳ ಹಿಂದೆ ಮನುಷ್ಯರ ಮುಖಗಳು ಕಾಣತೊಡಗಿದವು.

ಕಿರ್ತಾ ಉತ್ತರ ಆಫ್ರಿಕಾದ ನುಮಿದಿಯಾ ಪ್ರಾಂತದಲ್ಲಿದ್ದ ಪಟ್ಟಣ. ಇಂದು ಅಲ್ಜೀರಿಯಾ ದೇಶದ ಕಾನ್‌ಸ್ಟಂಟೀನ್ ನಗರ. ಕ್ರಿ.ಶ. 303ರ ಫೆಬ್ರವರಿಯಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್, ಕ್ರೈಸ್ತ ದೇವಾಲಯಗಳನ್ನು ಕೆಡವಬೇಕೆಂದೂ ಪವಿತ್ರ ಗ್ರಂಥಗಳನ್ನು ಸುಡಬೇಕೆಂದೂ ಆಜ್ಞೆ ಹೊರಡಿಸಿದನು. ಅದೇ ವರ್ಷದ ಮೇ 19ರಂದು ಕಿರ್ತಾದ ನಗರಾಧಿಕಾರಿ ಫೆಲಿಕ್ಸ್ ತನ್ನ ಆಳುಗಳೊಡನೆ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದ ಮನೆಗೆ ಬಂದನು. ಧರ್ಮಾಧ್ಯಕ್ಷ ಪೌಲನೂ ಗುರುಗಳೂ ಅಲ್ಲಿಯೇ ಇದ್ದರು. ಯಾರೂ ತಡೆಯಲಿಲ್ಲ. ಗುಮಾಸ್ತನು ಪಟ್ಟಿ ಬರೆದನು: ಚಿನ್ನದ ಪಾನಪಾತ್ರೆಗಳು 2, ಬೆಳ್ಳಿಯವು 6, ಬೆಳ್ಳಿಯ ದೀಪಗಳು 7, ಸರಪಳಿಯಿದ್ದ ಕಂಚಿನ ದೀಪಗಳು 11. ಅನಂತರ ಹೆಂಗಸರ ನಿಲುವಂಗಿಗಳು 82, ಗಂಡಸರವು 16, ಗಂಡಸರ ಪಾದರಕ್ಷೆಗಳು 13 ಜೊತೆ, ಹೆಂಗಸರವು 47 ಜೊತೆ.

ಪೂಜಾ ಪಾತ್ರೆಗಳ ಪಕ್ಕದಲ್ಲಿ ಇಷ್ಟೊಂದು ಬಟ್ಟೆಬರೆ ಏಕೆ? ಬಡವರಿಗೆ, ವಿಶೇಷವಾಗಿ ವಿಧವೆಯರಿಗೆ, ಹಂಚುವುದಕ್ಕಾಗಿ ಕೂಡಿಸಿಟ್ಟಿದ್ದೆಂದು ವಿದ್ವಾಂಸರ ಊಹೆ. ಆದಿ ಕ್ರೈಸ್ತರ ದಾನಧರ್ಮದ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಆ 47 ಜೊತೆ ಪಾದರಕ್ಷೆಗಳಷ್ಟು ನೇರವಾಗಿ ಯಾವುದೂ ಮಾತನಾಡಿಲ್ಲ.

ಪುಸ್ತಕಗಳ ಬೀರುಗಳು ಮಾತ್ರ ಬರಿದಾಗಿದ್ದವು. ಗ್ರಂಥಗಳು ವಾಚಕರ ಮನೆಗಳಲ್ಲಿದ್ದವು. ವಾಚಕರು ಯಾರೆಂದು ಕೇಳಿದಾಗ ಕತುಲ್ಲೀನುಸ್, ಮಾರ್ಕುಕ್ಲಿಯುಸ್ ಎಂಬ ಕೆಳದರ್ಜೆಯ ಇಬ್ಬರು ಸೇವಕರು, ತಾವು ದ್ರೋಹಿಗಳಲ್ಲ, ಬೇಕಾದರೆ ತಮ್ಮನ್ನು ಕೊಲ್ಲಿಸಬಹುದೆಂದು ಉತ್ತರವಿತ್ತು ಸೆರೆಯಾದರು. ಕಿರಿಯರಿಬ್ಬರು ಧೈರ್ಯ ತೋರಿದರು. ಆದರೂ ಬೇರೆಯವರು ಮನೆಗಳನ್ನು ತೋರಿಸಿಕೊಟ್ಟರು. ಒಬ್ಬನು ನಾಲ್ಕು ಗ್ರಂಥ, ಇನ್ನೊಬ್ಬನು ಎಂಟು, ಹೀಗೆ ತಂದೊಪ್ಪಿಸಿದರು. ಕೊದ್ದೆಯೋ ಎಂಬವನ ಮನೆಯಲ್ಲಿ ಅವನ ಹೆಂಡತಿಯೇ ಆರು ಗ್ರಂಥಗಳನ್ನು ತಂದಿಟ್ಟಳು. ಆಕೆಯ ಹೆಸರನ್ನು ಗುಮಾಸ್ತನು ಬರೆಯಲಿಲ್ಲ.

ಹೀಗೆ ಒಪ್ಪಿಸಿದವರಿಗೆ ಲತೀನಿನಲ್ಲಿ 'ತ್ರಾದಿತೋರೆಸ್' ಎಂಬ ಹೆಸರು ಬಂದಿತು. ಪರಂಪರೆ ಎಂಬರ್ಥದ 'ತ್ರಾದಿತ್ಸಿಯೊ' ಎಂಬ ಪದವೂ ಅದೇ ಧಾತುವಿನಿಂದ ಹುಟ್ಟಿದ್ದು. ಕೈದಾಟಿಸುವುದು ಎರಡರಲ್ಲಿಯೂ ಒಂದೇ. ಯಾರ ಕೈಗೆ ಎಂಬುದರಲ್ಲಿ ಭೇದ.

ಹಿಂಸೆ ನಿಂತ ಮೇಲೆ ಜಗಳ ಆರಂಭವಾಯಿತು. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಸಿಲಿಯನನನ್ನು ಅಭಿಷೇಕಿಸಿದವರಲ್ಲಿ ಒಬ್ಬನು ಗ್ರಂಥ ಒಪ್ಪಿಸಿದವನು, ಆದುದರಿಂದ ಅಭಿಷೇಕವೇ ಅಸಿಂಧು ಎಂದು ನುಮಿದಿಯಾದ ಧರ್ಮಾಧ್ಯಕ್ಷರು ಆರೋಪಿಸಿ ಬೇರೊಬ್ಬನನ್ನು ನೇಮಿಸಿದರು. ಅವನ ಉತ್ತರಾಧಿಕಾರಿ ದೊನಾತುಸನಿಂದ ಆ ಪಕ್ಷಕ್ಕೆ ದೊನಾತಿಸ್ಟರೆಂದು ಹೆಸರಾಯಿತು. ಅವರ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಗುರುವೊಬ್ಬನ ದುರ್ನಡತೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲಾ ಯಾರಾದರೊಬ್ಬರು ನನ್ನನ್ನು ಕೇಳುವುದುಂಟು: "ಫಾದರ್, ಅಂಥವರು ಕೊಟ್ಟ ಜ್ಞಾನಸ್ನಾನ, ಅವರು ನಡೆಸಿಕೊಟ್ಟ ಮದುವೆ ನಿಲ್ಲುತ್ತದೆಯೇ?"

ನಿಲ್ಲುತ್ತದೆ. 314ರಲ್ಲಿ ಗಾಲ್ ದೇಶದ ಆರ್ಲ್ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಹಾಗೆಂದು ತೀರ್ಮಾನಿಸಿತು. ಸಂಸ್ಕಾರವನ್ನು ಕೊಡುವವನು ಕ್ರಿಸ್ತನೇ, ಗುರು ಬರಿಯ ಸೇವಕನೆಂದು ಮುಂದೆ ಸಂತ ಅಗುಸ್ತೀನರು ವಿಸ್ತಾರವಾಗಿ ಬೋಧಿಸಿದರು. ಆದರೆ ಆರ್ಲ್ ಸಭೆಯ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಗ್ರಂಥಗಳನ್ನಾಗಲಿ ಪಾತ್ರೆಗಳನ್ನಾಗಲಿ ಸಹೋದರರ ಹೆಸರುಗಳನ್ನಾಗಲಿ ಒಪ್ಪಿಸಿದ್ದು ಸರಕಾರಿ ದಾಖಲೆಗಳಿಂದ ರುಜುವಾತಾದರೆ ಅಂಥ ಯಾಜಕನನ್ನು ಪದವಿಯಿಂದ ತೆಗೆಯಬೇಕು. ಸಂಸ್ಕಾರ ಉಳಿಯುತ್ತದೆ, ತಪ್ಪಿತಸ್ಥನು ಉಳಿಯುವುದಿಲ್ಲ. ನಾವು ಗುರುಗಳು ಮೊದಲಿನ ಅರ್ಧವನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದು ನ್ಯಾಯವಲ್ಲ.

ಕಿರ್ತಾದ ಪಟ್ಟಿ ಉಳಿದದ್ದು ಹೇಗೆ? 320ರಲ್ಲಿ ಅಲ್ಲಿನ ದೊನಾತಿಸ್ಟ್ ಧರ್ಮಾಧ್ಯಕ್ಷ ಸಿಲ್ವಾನುಸನಿಗೂ ಅವನ ಡೀಕನನಿಗೂ ಜಗಳವಾಗಿ ವಿಷಯ ಪ್ರಾಂತಾಧಿಕಾರಿಯ ಮುಂದೆ ಹೋಯಿತು. ಆಗ 303ರ ಕಡತವನ್ನು ಓದಲಾಯಿತು. ಅಂದು ಬೆಳ್ಳಿಯ ಪೆಟ್ಟಿಗೆಯನ್ನೂ ಬೆಳ್ಳಿಯ ದೀಪವನ್ನೂ ಹೊರತಂದುಕೊಟ್ಟವರಲ್ಲಿ ಸಿಲ್ವಾನುಸನೂ ಒಬ್ಬನಾಗಿದ್ದನು! ಸಿಸಿಲಿಯನನ ವಿರುದ್ಧ ಪ್ರತಿಸ್ಪರ್ಧಿಯನ್ನು ಅಭಿಷೇಕಿಸಿದವರಲ್ಲಿಯೂ ಅವನಿದ್ದನು.

ಮುಂದಿನ ಕಥೆ ನಮ್ಮ ಪಕ್ಷಕ್ಕೂ ಗೌರವ ತರುವಂಥದಲ್ಲ. 330ರಲ್ಲಿ ಕಿರ್ತಾದ ಕಥೋಲಿಕ ದೇವಾಲಯವನ್ನು ದೊನಾತಿಸ್ಟರು ಆಕ್ರಮಿಸಿದಾಗ ಚಕ್ರವರ್ತಿ ಕಾನ್‌ಸ್ಟಂಟೈನ್ ಅವರನ್ನು ಹೊರದೂಡದೆ, ಕಥೋಲಿಕರಿಗೆ ಸರಕಾರದ ಖರ್ಚಿನಲ್ಲಿ ಬೇರೊಂದನ್ನು ಕಟ್ಟಿಸಿದನು. ಆದರೆ 405ರಿಂದ ಕಟ್ಟುನಿಟ್ಟಿನ ಕಾಯಿದೆಗಳು ಬಂದವು. 411ರಲ್ಲಿ ಕಾರ್ಥೇಜಿನಲ್ಲಿ ಒಂದೊಂದು ಪಕ್ಷದಿಂದ ಸುಮಾರು 280 ಧರ್ಮಾಧ್ಯಕ್ಷರು ಸೇರಿ ವಾದಿಸಿದ ಬಳಿಕ ದಂಡನೆ ಇನ್ನೂ ಬಿಗಿಯಾಯಿತು. ಮೊದಲು ಬಲಾತ್ಕಾರವನ್ನು ಒಪ್ಪದಿದ್ದ ಅಗುಸ್ತೀನರು 408ರ ಹೊತ್ತಿಗೆ ಅದನ್ನು ಸಮರ್ಥಿಸತೊಡಗಿದ್ದರು. ಲೂಕನ ಶುಭಸಂದೇಶದ ಔತಣದ ಸಾಮತಿಯನ್ನೂ ಅದಕ್ಕೆ ಆಧಾರವಾಗಿ ಬಳಸಿದರು. ಫಲವೇನು? 590ರ ದಶಕದಲ್ಲಿ ಜಗದ್ಗುರು ಮಹಾ ಗ್ರೆಗೋರಿಯವರು ಬರೆದ ಪತ್ರಗಳಲ್ಲಿಯೂ ನುಮಿದಿಯಾದ ದೊನಾತಿಸ್ಟರ ಮೇಲಿನ ದೂರುಗಳಿವೆ. ಆದರೆ ಅಗುಸ್ತೀನರ ವಾದ ಮಾತ್ರ ಸಾಯಲಿಲ್ಲ. ಸುಮಾರು 1140ರಲ್ಲಿ ಗ್ರೇಷಿಯನ್ ಸಂಗ್ರಹಿಸಿದ ಧರ್ಮಸಭೆಯ ಕಾನೂನು ಗ್ರಂಥವನ್ನು ಸೇರಿ, ಮಧ್ಯಯುಗದಲ್ಲಿ ಪಾಷಂಡಿಗಳ ದಂಡನೆಗೆ ನೆರವಾಯಿತು. ಧಾರ್ಮಿಕ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಡಿಸೆಂಬರ್ 7ರಂದು. ಮಹಾಸಂತನೊಬ್ಬನ ಒಂದು ವಾದದ ಆಯುಷ್ಯ ಎಷ್ಟು ದೀರ್ಘವೆಂಬುದನ್ನು ಲೆಕ್ಕ ಹಾಕಿ ನೋಡಿರಿ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಧರ್ಮಕೇಂದ್ರದ ಹಳೆಯ ಪತ್ರಗಳು, ಲೆಕ್ಕದ ಪುಸ್ತಕಗಳು, ಭಾವಚಿತ್ರಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕಚೇರಿಗೆ ತಂದು ತೋರಿಸಬೇಕು. ನಕಲು ಮಾಡಿಕೊಂಡು ಹಿಂದಿರುಗಿಸಲಾಗುವುದು. ಹಿರಿಯರು ಜಗಳವಾಡಿದಾಗ ಬರೆದ ಕಾಗದಗಳಾದರೂ ಚಿಂತೆಯಿಲ್ಲ, ಅವನ್ನೂ ತನ್ನಿರಿ.