ಎಡನೀರಿನ ವ್ಯಾಜ್ಯವೂ ರಾಜ್ಯಾಂಗದ ಮೇರೆಯೂ

ಪ್ರಜಾಪ್ರಭುತ್ವದಲ್ಲಿ ಶಾಸನ ಮಾಡುವ ಅಧಿಕಾರವು ಪ್ರಜೆಗಳು ಆರಿಸಿ ಕಳುಹಿಸಿದವರದು. ಆ ಅಧಿಕಾರಕ್ಕೂ ಒಂದು ಮೇರೆಯುಂಟೆ, ಉಂಟಾದರೆ ಅದನ್ನು ತೋರಿಸತಕ್ಕವರು ಯಾರು ಎಂಬ ಪ್ರಶ್ನೆಯು ಸ್ವತಂತ್ರ ಭಾರತದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಇತ್ಯರ್ಥವಾಗದೆ ಉಳಿದಿದ್ದಿತು. ಕನ್ನಡ ನುಡಿಯುವ ಒಂದು ಸಣ್ಣ ಊರಿನ ಮಠದ ವ್ಯಾಜ್ಯದಿಂದ ಅದಕ್ಕೆ ಉತ್ತರ ದೊರೆತದ್ದು ಸ್ಮರಣೀಯವಾದ ಸಂಗತಿ.

ಎಡನೀರು ಮಠವಿರುವುದು ಕಾಸರಗೋಡಿನ ಸಮೀಪದಲ್ಲಿ. ಆ ಸೀಮೆಯು 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣಾ ಶಾಸನವು ಮಠದ ಭೂಮಿಗೂ ಅನ್ವಯಿಸಿತು. ಉಳುವವನಿಗೆ ನೆಲ ದೊರೆಯಬೇಕೆಂಬ ಶಾಸನದ ಉದ್ದೇಶವು ನ್ಯಾಯವಾದುದೇ. ಮಠ ನಡೆಸತಕ್ಕವರಿಗೆ ಆದಾಯದ ಚಿಂತೆಯೂ ಸಹಜವಾದುದೇ. ಮಠಾಧಿಪತಿಗಳಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು.

ಅಷ್ಟರಲ್ಲಿ ವಿವಾದವು ಮಠದ ಗಡಿಯನ್ನು ಮೀರಿ ಬೆಳೆಯಿತು. ಮೂಲಭೂತ ಹಕ್ಕುಗಳನ್ನು ಪಾರ್ಲಿಮೆಂಟು ಕಿತ್ತುಕೊಳ್ಳಲಾಗದೆಂದು ನ್ಯಾಯಾಲಯವು 1967ರಲ್ಲಿ ಗೋಲಕನಾಥ ಮೊಕದ್ದಮೆಯಲ್ಲಿ ತೀರ್ಮಾನಿಸಿದ್ದಿತು. ಪಾರ್ಲಿಮೆಂಟು 1971ರಲ್ಲಿ 24ನೆಯ ತಿದ್ದುಪಡಿಯಿಂದ ಆ ತೀರ್ಪನ್ನು ತೊಡೆದುಹಾಕಿತು. ಹೀಗೆ ಎರಡು ಸಂಸ್ಥೆಗಳು ಎದುರುಬದುರಾಗಿ ನಿಂತಿರುವಾಗ ಸ್ವಾಮಿಗಳ ಅರ್ಜಿಯು 13 ಮಂದಿ ನ್ಯಾಯಮೂರ್ತಿಗಳ ಮುಂದೆ ವಿಚಾರಣೆಗೆ ಬಂದಿತು. ಸ್ವಾಮಿಗಳ ಪರವಾಗಿ ನಾನಿ ಪಾಲ್ಖೀವಾಲರೂ ಕೇರಳದ ಪರವಾಗಿ ಎಚ್. ಎಂ. ಸೀರ್ವಾಯಿಯವರೂ ವಾದಿಸಿದರು. ವಿಚಾರಣೆ ನಡೆದದ್ದು 68 ದಿನ.

1973ನೆಯ ಏಪ್ರಿಲ್ 24ರಂದು ತೀರ್ಪು ಹೊರಬಿದ್ದಿತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ರಾಜ್ಯಾಂಗದ ಯಾವ ಭಾಗವನ್ನಾದರೂ ಪಾರ್ಲಿಮೆಂಟು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂಬುದೇ ಬಹುಮತದ ನಿರ್ಣಯ. ತಿದ್ದುವವನು ಮನೆಯ ಗೋಡೆಯನ್ನು ಬದಲಿಸಬಹುದು, ಅಡಿಪಾಯವನ್ನು ಅಗೆಯಲಾಗದು. ಆಸ್ತಿಯ ಹಕ್ಕು ಆ ಅಡಿಪಾಯಕ್ಕೆ ಸೇರಿದುದಲ್ಲವೆಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾರವರು ಅಭಿಪ್ರಾಯಪಟ್ಟರು. ಮಠಕ್ಕೆ ಬಯಸಿದ ಫಲ ದೊರೆಯಲಿಲ್ಲ. ದೇಶಕ್ಕೆ ದೊರೆತುದು ಬಹಳ.

ಇದರ ಬೆಲೆಯನ್ನು ತೆತ್ತವರೂ ಉಂಟು. ಮರುದಿನವೇ ಹಿರಿಯರಾದ ಮೂವರು ನ್ಯಾಯಮೂರ್ತಿಗಳನ್ನು ದಾಟಿ ಎ. ಎನ್. ರೇಯವರಿಗೆ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕೊಡಲಾಯಿತು. ಮೂವರೂ ರಾಜೀನಾಮೆಯಿತ್ತರು. ಅವರಲ್ಲೊಬ್ಬರು ದಕ್ಷಿಣ ಕನ್ನಡದವರಾದ ಕೆ. ಎಸ್. ಹೆಗ್ಡೆಯವರು.

ಜನರು ಆರಿಸದ ನ್ಯಾಯಮೂರ್ತಿಗಳು ಜನರು ಆರಿಸಿದವರ ಶಾಸನವನ್ನು ರದ್ದುಗೊಳಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೆ ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯು ಹಗುರವಾದುದಲ್ಲ. ಉತ್ತರವು 1975ರಲ್ಲಿ ಸಿಕ್ಕಿತು. ಪ್ರಧಾನಮಂತ್ರಿಯ ಚುನಾವಣೆಯನ್ನು ನ್ಯಾಯಾಲಯಗಳು ವಿಚಾರಿಸಕೂಡದೆಂದು ತುರ್ತುಪರಿಸ್ಥಿತಿಯ ಕಾಲದಲ್ಲಿ ಪಾರ್ಲಿಮೆಂಟು ರಾಜ್ಯಾಂಗವನ್ನೇ ತಿದ್ದಿತು. ಎಡನೀರಿನ ತೀರ್ಪನ್ನು ಆಧರಿಸಿ ನ್ಯಾಯಾಲಯವು ಆ ಭಾಗವನ್ನು ತಳ್ಳಿಹಾಕಿತು. ತಿದ್ದುಪಡಿಯ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು 1976ರಲ್ಲಿ ಸಾರಿದ 42ನೆಯ ತಿದ್ದುಪಡಿಯ ಭಾಗವು 1980ರಲ್ಲಿ ಬೆಂಗಳೂರಿನ ಮಿನರ್ವ ಗಿರಣಿಯ ಮೊಕದ್ದಮೆಯಲ್ಲಿ ಬಿದ್ದುಹೋಯಿತು.

ಆದರೂ ನ್ಯಾಯಾಲಯವು ದೋಷರಹಿತವೆಂದು ತಿಳಿಯತಕ್ಕದ್ದಲ್ಲ. 1976ರಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ಮೊರೆಯಿಟ್ಟಾಗ, ಐವರಲ್ಲಿ ನಾಲ್ವರು ಬಾಗಿಲು ಮುಚ್ಚಿದರು. ಭಿನ್ನಮತವನ್ನು ಬರೆದವರು ಖನ್ನಾರವರೊಬ್ಬರೇ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಪದವಿ ಅವರ ಕೈತಪ್ಪಿತು. ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ಮಂದಿಯ ಪೀಠವು ಆ ಹಳೆಯ ತೀರ್ಪನ್ನು ತಪ್ಪೆಂದು ಸಾರಿತು.

ಮೇರೆಯು ಗ್ರಂಥದಲ್ಲಿ ಬರೆದಿದ್ದ ಮಾತ್ರಕ್ಕೆ ಕಾಯುವುದಿಲ್ಲ. ಪದವಿ ಹೋದರೂ ಸರಿಯೆಂದು ಅದನ್ನು ತೋರಿಸಬಲ್ಲವರು ಇದ್ದಾಗಲೇ ಅದು ಪ್ರಜೆಯನ್ನು ಕಾಯುತ್ತದೆ.